ಉತ್ತರದ ಕಡಲು ಕಂಡವನು

"ಟೋಪಿ ಹೋದ್ರೆ ಹೋಗ್ಲಿ, ನೀವು ಹೋಗಬೇಡಿ ಸ್ವಾಮಿ!"

ಗಿಡ್ಡಪ್ಪ ಹಾಗೆ ಕೂಗುವಷ್ಟರಲ್ಲಿ ಎಸ್ಟೇಟಿನ ಹೊಸ ದೊರೆಯ ಸೊಂಟದ ಬೆಲ್ಟು ಅವನ ಎರಡೂ ಕೈಯಲ್ಲಿತ್ತು. ದೇವರಮನೆ ಗುಡ್ಡದ ನೆತ್ತಿ. ಗಾಳಿ ಅಂದರೆ ನಿಂತ ಹುಲ್ಲನ್ನೆಲ್ಲ ಬಾಚಿ ಮಲಗಿಸುವಂಥ ಗಾಳಿ. ದೊರೆಯ ಟೋಪಿ ಒಂದು ಗಿರಕಿ ಹೊಡೆದು, ಘಟ್ಟದ ಕೆಳಗಿನ ಮೋಡದೊಳಗೆ ಇಳಿದುಹೋಯಿತು.

"ಅಂಚಿನಿಂದ ಮೂರಾಳು ದೂರ ನಿಲ್ಲಬೇಕು," ಗಿಡ್ಡಪ್ಪ ಏದುಸಿರು ಬಿಟ್ಟ. "ಉತ್ತರದ ಕಡಲ ಬಂಡೆ ಮೇಲೆ ಅದೇ ಮೊದಲ್ನೇ ಕಟ್ಟಳೆ. ನಿಮಗೆ ನಾನು ಹೇಳ್ಬೇಕಾ?"

"ಹೇಳು, ಹೇಳು," ಅಂದರು ಮಕ್ರೇ ದೊರೆ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು. "ಒಂದೂ ಬಿಡದೆ ಹೇಳು."

ಈ ಪುಸ್ತಕವೇ ಗಿಡ್ಡಪ್ಪನಿಗೆ ಕಂಟಕವಾಗಿತ್ತು. ಯಾಕೆಂದರೆ ಅವನು ಉತ್ತರದ ಕಡಲು ನೋಡಿರಲಿಲ್ಲ. ಹಾಗೆ ನೋಡಿದರೆ ಯಾವ ದಿಕ್ಕಿನ ಕಡಲನ್ನೂ ನೋಡಿರಲಿಲ್ಲ.

ಮೂವತ್ತನಾಲ್ಕನೇ ಇಸವಿಯಲ್ಲಿ ಎಸ್ಟೇಟಿನ ಹಳೇ ದೊರೆ ತಮ್ಮೂರಿಗೆ ಹೊರಟಿದ್ದರು. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ, ಕಡಲಂಚು ಹಿಡಿದು ತಿಂಗಳುಗಟ್ಟಲೆ ನಡೆಯುವ ಹುಚ್ಚು ಅವರಿಗೆ. ಹೊರೆ ಹೊರಲು ಗಿಡ್ಡಪ್ಪನನ್ನು ಆರಿಸಿ, ಇದೇ ಗುಡ್ಡದ ಮೇಲೆ ಗಿಣಿಗೆ ಕಲಿಸಿದ ಹಾಗೆ ಅಲ್ಲಿಯ ಕಟ್ಟಳೆಗಳನ್ನು ಕಲಿಸಿದ್ದರು. ಹೊರಡುವ ದಿನ ತೋಟದವರೆಲ್ಲ ಸೇರಿ ಗಿಡ್ಡಪ್ಪನಿಗೆ ಹಾರ ಹಾಕಿದರು. ಹೆಂಡತಿ ಸಿದ್ದಮ್ಮ ಗೊಳೋ ಅಂತ ಅತ್ತಳು. ಮೋಟಾರು ಚಾರ್ಮಾಡಿ ಘಾಟಿಗೆ ಇಳಿಯಿತು. ಮೂರನೇ ತಿರುವಿನಲ್ಲಿ ಗಿಡ್ಡಪ್ಪ ವಾಂತಿ ಶುರು ಮಾಡಿದ. ಏಳನೇ ತಿರುವಿನಲ್ಲಿ ದೊರೆಯ ಬೂಟಿನ ಮೇಲೆ ಮಾಡಿದ. ಎಂಟನೇ ತಿರುವಿನಲ್ಲಿ ಅವನನ್ನು ಇಳಿಸಿ ಮೋಟಾರು ಮುಂದೆ ಹೋಯಿತು.

ಹಾರ ಹಾಕಿಸಿಕೊಂಡ ಕತ್ತು ಅದೇ ಸಂಜೆ ಮನೆಗೆ ವಾಪಸು ಹೋಗುವುದು ಹೇಗೆ? ಗಿಡ್ಡಪ್ಪ ಕಳಸದ ದಾರಿ ಹಿಡಿದ. ಅಲ್ಲಿ ಹಳೇ ಗೆಳೆಯ ಬೊಮ್ಮಯ್ಯನ ಅಟ್ಟದ ಮೇಲೆ ಎಂಟು ತಿಂಗಳು ಮೆಣಸು ಬಿಡಿಸುತ್ತ ಕೂತ. ತಿರುಗಿ ಬಂದಾಗ ಕಡಲು ದಾಟಿದವನು ಅಂತ ತೋಟದ ಲೆಕ್ಕ ಬರೆಯುವ ರೈಟರು ಚನ್ನಕೇಶವ ಅವನನ್ನು ಮೇಸ್ತ್ರಿ ಮಾಡಿ ಕೋಲನ್ನೇ ಕೈಗೆ ಕೊಟ್ಟರು. ಹಳೇ ದೊರೆ ತಮ್ಮೂರಲ್ಲೇ ಉಳಿದರು. ಕಾಗದ ಬರೆಯುವ ಪೈಕಿಯೂ ಅಲ್ಲ. ಸುಖವಾಗಿತ್ತು.

ಹೋದ ವಾರದವರೆಗೆ.

"ಹೊಸ ದೊರೇನೂ ಅದೇ ಕಡಲಿನ ಊರಿನವರು ಮಾರಾಯ," ಅಂದಿದ್ದರು ರೈಟರು. "ಬಂದು ಎಂಟು ದಿನ ಆಗಿಲ್ಲ, ಕನ್ನಡ ಮಾತ್ರ ನಮಗಿಂತ ಚಂದ. ಕಂಪನಿಯ ದೊಡ್ಡ ದೊರೆ ತಮ್ಮ ಕಡಲ ಸೀಮೆಯವರಿಗೆ ಬಿಟ್ರೆ ಬೇರೆಯವರಿಗೆ ಈ ಕೆಲಸ ಕೊಡೋದೇ ಇಲ್ವಂತೆ. ಶುಕ್ರವಾರ ಅವರೂ ಬರ್ತಾರೆ. ಮೂರೂ ಜನ ಕೂತು ಕಡಲಿನ ಸುದ್ದಿ ಮಾತಾಡ್ಕೊಳ್ಳಿ!"

ಈಗ ಆ ದೊರೆ ಅವನೊಬ್ಬನನ್ನೇ ಗುಡ್ಡ ಹತ್ತಿಸಿ ಕಡಲಿನ ಕಟ್ಟಳೆ ಕೇಳುತ್ತಿದ್ದರು, ಪರೀಕ್ಷೆ ಮಾಡಲೆಂದೇ ಇರಬೇಕು. ಕೋಲು ಹೋದರೆ ಕಾಡಲ್ಲಿ ಇನ್ನೊಂದು ಕಡಿದುಕೊಳ್ಳಬಹುದು. ಆದರೆ ಆ ಎಂಟು ತಿಂಗಳು ಗದ್ದೆ, ಎಮ್ಮೆ, ಅತ್ತೆ ಮೂರನ್ನೂ ಒಬ್ಬಳೇ ಸಂಭಾಳಿಸಿದ ಸಿದ್ದಮ್ಮನಿಗೆ ಗಂಡ ಕಳಸದಲ್ಲಿದ್ದ ಅಂತ ಗೊತ್ತಾದರೆ? ಅವಳ ಕೈಗೂ ಒಂದು ಕೋಲು ಸಿಗುತ್ತದೆ.

ಹಾಗಾಗಿ ಗಿಡ್ಡಪ್ಪ ಕಲಿತ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಿದ. ಎಲ್ಲಿಗೆ ಹೊರಟೆವು, ಎಷ್ಟೊತ್ತಿಗೆ ಬರುತ್ತೇವೆ ಅಂತ ಮನೆಯವರಿಗೆ ನಿಜ ಹೇಳಿಯೇ ಹೊರಡಬೇಕು. ಇದನ್ನು ಹೇಳುವಾಗ ಸ್ವಲ್ಪ ಕೆಮ್ಮಿದ. ನೀರು ಏರುವ ಹೊತ್ತು ತಿಳಿದುಕೊಂಡೇ ಮರಳಿಗೆ ಇಳಿಯಬೇಕು. ಹಕ್ಕಿ ಮೊಟ್ಟೆಗೆ ಕೂತಿದ್ದರೆ ಸುತ್ತಿ ಹೋಗಬೇಕು. ಕಲ್ಲು ಇದ್ದಲ್ಲೇ ಇರಬೇಕು, ನಾವು ಒಯ್ದ ಕಸ ನಮ್ಮ ಜೊತೆಗೇ ವಾಪಸು ಬರಬೇಕು. ದೊರೆ ಕೋರ್ಟು ಗುಮಾಸ್ತನ ಹಾಗೆ ಪ್ರತಿಯೊಂದನ್ನೂ ಬರೆದುಕೊಂಡರು.

"ಎಂಥಾ ಚಳಿ ಕಣಯ್ಯ," ಅಂದರು, ಹಲ್ಲು ಕಟಕಟಿಸುತ್ತ.

ಹಿಮದ ಸೀಮೆಯವರಿಗೆ ಇದೊಂದು ಚಳಿಯೇ? ನಾಟಕ! ಗಿಡ್ಡಪ್ಪ ತನ್ನ ಕಂಬಳಿ ಹೊದೆಸಿ, "ನಿಮ್ಮೂರ ಚಳಿ ಮುಂದೆ ಇದು ಎಂಥದು ಸ್ವಾಮಿ," ಅಂದ.

"ಅಲ್ವಾ ಮತ್ತೆ," ಅಂದರು ದೊರೆ, ಕಂಬಳಿ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು.

ಬುತ್ತಿ ಬಿಚ್ಚಿದರೆ ಸಿದ್ದಮ್ಮನ ಅಕ್ಕಿ ಕಡುಬು. ದೊರೆಯ ಮುಖ ಸಣ್ಣಗಾಯಿತು. "ಮುದ್ದೆ ಇಲ್ವಾ?"

ಇದೂ ಪರೀಕ್ಷೆಯೇ ಇರಬೇಕು. "ನಿಮ್ಮ ಉತ್ತರದ ಕಡಲಲ್ಲೂ ಮುದ್ದೆ ಸಿಕ್ಕಲಿಲ್ಲ ಸ್ವಾಮಿ."

"ಸಿಗಲ್ವಾ?" ದೊರೆ ಅದನ್ನೂ ಬರೆದುಕೊಂಡರು. "ಸರಿ, ಮರಳಿಗಿಳಿಯೋ ಮುಂಚೆ ಕಾಲಿಗೆ ಏನು ಮಾಡ್ಕೋಬೇಕು?"

ಹಳೇ ದೊರೆ ಕಾಲಿನ ಪಾಠ ಮಾಡಿರಲಿಲ್ಲ. ಗಿಡ್ಡಪ್ಪನ ನಾಲಿಗೆ ತೋಟದ ದಾರಿಯನ್ನೇ ಹಿಡಿಯಿತು. "ಹೊಗೆಸೊಪ್ಪು, ಸುಣ್ಣ ಅರೆದು ಮೊಣಕಾಲ ತನಕ ಹಚ್ಕೋಬೇಕು. ಇಲ್ಲಾಂದ್ರೆ ಇಂಬಳ ಹತ್ತಿ ರಕ್ತ ಹೀರಿಬಿಡ್ತವೆ."

ಮಾತು ಬಾಯಿಂದ ಬಿದ್ದ ಮೇಲೆ ತಲೆಗೆ ಹೊಳೆಯಿತು. ಕಡಲ ನೀರು ಉಪ್ಪು ಅಂತಾರಲ್ಲ! ಚಿಟಿಕೆ ಉಪ್ಪು ಬಿದ್ದರೆ ಇಂಬಳ ಮುದುಡಿ ಸಾಯುತ್ತದೆ. ತೋಟದ ಹಸುಳೆಗೂ ಗೊತ್ತಿರುವ ಮಾತು. ಮುಗಿಯಿತು ಕತೆ.

ದೊರೆ ಗಂಭೀರವಾಗಿ ತಲೆಯಾಡಿಸಿದರು. "ಹೌದೌದು. ನಮ್ಮೂರ ಇಂಬಳ ಭಾರಿ ಕೆಟ್ಟವು."

ಇಷ್ಟು ತಣ್ಣಗೆ ಅಣಕಿಸುವವರ ಮುಂದೆ ಇನ್ನು ನಿಲ್ಲುವುದುಂಟೇ? ಗಿಡ್ಡಪ್ಪ ಹುಲ್ಲಿನ ಮೇಲೆ ಕುಸಿದು ಕೈ ಮುಗಿದ. "ತಪ್ಪಾಯ್ತು ಸ್ವಾಮಿ! ನಾನು ಚಾರ್ಮಾಡಿ ಘಾಟಿಯನ್ನೇ ದಾಟಿಲ್ಲ. ಕಡಲೂ ಕಂಡಿಲ್ಲ, ಹಡಗೂ ಕಂಡಿಲ್ಲ. ಕೋಲು ಬೇಕಾದ್ರೆ ಕಿತ್ಕೊಳ್ಳಿ, ಸಿದ್ದಮ್ಮಂಗೆ ಮಾತ್ರ ಹೇಳಬೇಡಿ!"

ದೊರೆಯ ಕೈಯಿಂದ ಪೆನ್ಸಿಲು ಜಾರಿತು. ಅವರೂ ಕಂಬಳಿ ಸಮೇತ ಅವನ ಪಕ್ಕದಲ್ಲೇ ಕುಸಿದು ತಲೆ ಮೇಲೆ ಕೈ ಹೊತ್ತರು.

"ಅಯ್ಯೋ ಪಾಪಿ, ನಿನ್ನೇ ನಂಬ್ಕೊಂಡಿದ್ನಲ್ಲೋ! ಶುಕ್ರವಾರ ದೊಡ್ಡ ದೊರೆ ಬಂದು ಕಡಲಿನ ಸುದ್ದಿ ತೆಗೆದ್ರೆ ನಾನೇನಯ್ಯ ಹೇಳ್ಲಿ? ಕೋಲಾರದ ಚಿನ್ನದ ಗಣಿ ಪಕ್ಕ ಹುಟ್ಟಿ ಬೆಳೆದವನು ನಾನು, ಕೆರೆ ಬಿಟ್ರೆ ಬೇರೆ ನೀರೇ ಕಂಡಿಲ್ಲ!"