ಯಜಮಾನರ ವೈರಿಂಗ್

ಮೂರನೇ ಫ್ಯೂಸ್ ಕೂಡ ಟಪ್ಪೆಂದು ಹೋಯಿತು. ಲಾರಿಯ ಎಡಗಡೆ ಕನ್ನಡಿಯ ಪಕ್ಕ ಏಣಿ ಹಾಕಿಕೊಂಡು ನಿಂತಿದ್ದ ಯಜಮಾನರು ಕನ್ನಡಕವನ್ನು ಹಣೆಗೇರಿಸಿ, ಕೈಯಲ್ಲಿದ್ದ ವೈರನ್ನು, ತಪ್ಪೆಲ್ಲ ಅದರದೇ ಎಂಬಂತೆ, ದಿಟ್ಟಿಸಿದರು.

ಕೆಳಗೆ ಏಣಿ ಹಿಡಿದಿದ್ದ ಡ್ರೈವರನಿಗೆ ಕಾರಣ ಗೊತ್ತಿತ್ತು. ಸುಲಿದ ವೈರಿನ ತುದಿ ಬಾಗಿಲಿನ ತಗಡಿಗೆ ತಾಗುತ್ತಿದೆ. ಒಂದು ಸುತ್ತು ಟೇಪ್ ಹಾಕಿದರೆ ಮುಗಿಯಿತು. ಇಪ್ಪತ್ತು ವರ್ಷ ಲಾರಿಯಲ್ಲೇ ಉಂಡು ಲಾರಿಯಲ್ಲೇ ಮಲಗಿದವನು ಅವನು. ಅರ್ಧ ಗಂಟೆಯಲ್ಲಿ ಎರಡೂ ಕನ್ನಡಿಗೆ ದೀಪ ಕೂರಿಸಿ ಕೈ ತೊಳೆದುಕೊಳ್ಳಬಲ್ಲ.

"ನಾನೊಂದ್ಸಲ ನೋಡ್ಲಾ ಯಜಮಾನ್ರೇ?"

"ಬೇಡ. ಇದು ನಾನೇ ಮಾಡ್ಬೇಕು."

ಬೆಳಿಗ್ಗೆಯಿಂದ ಇದೇ ಪ್ರಶ್ನೆ, ಇದೇ ಉತ್ತರ. ಈಗ ಮಧ್ಯಾಹ್ನ ಮೂರು ಗಂಟೆ. ನಾಳೆ ಬೆಳಿಗ್ಗೆ ಆರಕ್ಕೆ ಲಾರಿ ಗೋದಾಮಿನ ಮುಂದೆ ನಿಂತಿರಬೇಕು. ಏನೇನೋ ಕಾಗದಪತ್ರಗಳ ಗೊಡವೆಯಲ್ಲಿ ಒಂದು ತಿಂಗಳಿನಿಂದ ಚಕ್ರ ಉರುಳಿರಲಿಲ್ಲ. ಗಾಡಿ ಕೈಗೆ ಬಂದದ್ದೇ ಮೊನ್ನೆ. ನಾಳೆಯೂ ತಪ್ಪಿದರೆ ಬಾಡಿಗೆ ಇನ್ನೊಬ್ಬರ ಪಾಲು ಎಂದು ಗೋದಾಮಿನ ಮ್ಯಾನೇಜರ್ ಮುಖಕ್ಕೆ ಹೊಡೆದಂತೆ ಹೇಳಿದ್ದ. ಡ್ರೈವರನಿಗೆ ಬೇರೆ ಕೆಲಸ ಬಾರದು. ವೈರಿಂಗ್ ಪೂರ್ತಿ ಸುಟ್ಟು ಕೂತರೆ ಗತಿಯೇನು? ಬೇರೆ ಯಾರಾಗಿದ್ದರೂ ಏಣಿಯಿಂದ ಇಳಿಸಿ ಕಳಿಸುತ್ತಿದ್ದ. ಇವರಿಗೆ ಹೇಳುವ ಬಾಯಿ ಅವನಿಗಿರಲಿಲ್ಲ.

ಯಜಮಾನರು ಬಸ್ಸಿಳಿದು ಬಂದಾಗ ಚೀಲದಲ್ಲಿ ಎಲ್‌ಇಡಿ ಪಟ್ಟಿಗಳು, ಹೊಸ ಡ್ರಿಲ್ಲು, ಹೊಲಿಗೆಯ ಅಳತೆಪಟ್ಟಿ ಇದ್ದವು. ಮೊಬೈಲಿನಲ್ಲಿ ಯಾವುದೋ ವಿಡಿಯೊ. "ಮುಂದಿನ ದೀಪ ಮುಂದಿನವರಿಗೆ. ಹಿಂದಿನದು ಹಿಂದಿನವರಿಗೆ. ಪಕ್ಕದಲ್ಲಿರೋರಿಗೆ ಏನಿದೆ?" ಎಂದು ಕೇಳಿದ್ದರು. ಡ್ರೈವರ್ ತಲೆ ತಗ್ಗಿಸಿದ್ದ. ಆಮೇಲೆ ಅವರು ನೆಲದಿಂದ ನಾಲ್ಕೂವರೆ ಅಡಿ ಅಳೆದು, ಅಷ್ಟಕ್ಕೇ ಬಗ್ಗಿ, ಅಲ್ಲಿಂದ ತಲೆಯೆತ್ತಿ ಕನ್ನಡಿಯನ್ನು ಬಹಳ ಹೊತ್ತು ನೋಡಿದ್ದರು.

"ಯಜಮಾನರು ಲಾರಿಗೆ ಅಂಗಿ ಹೊಲಿಸ್ತಾರಾ?" ಪಕ್ಕದ ಪಂಕ್ಚರ್ ಅಂಗಡಿಯವನು ಹತ್ತಿರ ಬಂದು ಪಿಸುಗುಟ್ಟಿದ. "ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಬಸ್ಸಲ್ಲಿ ಬರ್ತಾರೆ. ಒಬ್ಬ ಎಲೆಕ್ಟ್ರಿಷಿಯನ್ ಕರೆಸೋಕೂ ಕೈ ಬರಲ್ವಾ? ಇಂಥೋರ ಕೈಕೆಳಗೆ ಹೆಂಗಪ್ಪಾ ಇದೀಯ?"

"ನಿನ್ನ ಕೆಲಸ ನೋಡ್ಕೋ ಮಾರಾಯ."

ಡ್ರೈವರನ ಫೋನ್ ಗುನುಗಿತು. ಹೆಂಡತಿ. "ಅವರಿನ್ನೂ ಇದಾರಾ?"

"ಹೂಂ."

"ಊಟ?"

"ಮುಟ್ಟಲಿಲ್ಲ. ನೀರೂ ಬೇಡ ಅಂದ್ರು."

"ಏನ್ ಮಾಡಿದ್ರೂ ಮಾಡ್ಲಿ ಬಿಡಿ. ಎದುರು ಮಾತಾಡ್ಬೇಡಿ."

ನಾಲ್ಕನೇ ಫ್ಯೂಸ್ ಹಾಕುವ ಹೊತ್ತಿಗೆ ಡ್ರೈವರನಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಕೈ ಹಾಕಲ್ಲ. ಬರೀ ಬಾಯಲ್ಲಿ ಹೇಳ್ಲಾ?"

ಅವರು ಏಣಿಯ ಮೇಲಿಂದ ಅವನನ್ನು ನೋಡಿದರು. ಕಣ್ಣು ಕೆಂಪಾಗಿತ್ತು, ಧೂಳಿಗೋ ಏನೋ. "ಹೇಳಿ. ಮಾಡೋದು ಮಾತ್ರ ನಾನು."

ಅವನು ಹೇಳಿದ, ಅವರು ಮಾಡಿದರು. ಟೇಪ್ ಸುತ್ತಿದರು. ನೀಲಿ ವೈರ್ ಬಿಟ್ಟು ಇಂಡಿಕೇಟರಿನ ಹಸಿರಿಗೆ ಜೋಡಿಸಿದರು. ಕನ್ನಡಿಯ ಟೊಳ್ಳು ತೋಳಿನೊಳಗೆ ವೈರ್ ತೂರಿಸುವಾಗ ಮಾತ್ರ, ಸೂಜಿಗೆ ದಾರ ಪೋಣಿಸುವವರಂತೆ, ಒಂದೇ ಸಲಕ್ಕೆ ತೂರಿಸಿಬಿಟ್ಟರು. ದೀಪವನ್ನು ನೇರ ಕೂರಿಸದೆ ಸ್ವಲ್ಪ ಕೆಳಮುಖ ಮಾಡಿದರು.

"ಈಗ ಹತ್ತಿ. ಎಂಜಿನ್ ಶುರು ಮಾಡಿ. ನಾನು ಇಲ್ಲಿರ್ತೀನಿ."

ಡ್ರೈವರ್ ಬಲಗಡೆಯಿಂದ ಹತ್ತಿ ಕೂತ. ಎಡಗಡೆ ನೋಡಿದ. ಯಜಮಾನರು ಕಾಣಲಿಲ್ಲ. ಕನ್ನಡಿಯಲ್ಲೂ ಇಲ್ಲ, ಕಿಟಕಿಯಲ್ಲೂ ಇಲ್ಲ. ಮುಂದಿನ ಚಕ್ರದ ಪಕ್ಕ, ಸೀಟಿನಿಂದ ಕಣ್ಣಿಗೆ ಬೀಳದ ಜಾಗದಲ್ಲಿ ಬಗ್ಗಿ ನಿಂತಿದ್ದರು.

"ಯಜಮಾನ್ರೇ, ಅಲ್ಲಿ ಬೇಡ. ದಮ್ಮಯ್ಯ, ಈಚೆ ಬನ್ನಿ."

"ಶುರು ಮಾಡಿ ಅಂದ್ನಲ್ಲಾ!"

ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು. ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ, ಎಲ್ಲ ಗೊತ್ತಿದ್ದರೂ ಅವನು ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದ. ಎಡಕ್ಕೆ ಇಂಡಿಕೇಟರ್ ಹಾಕಿದ. ಕನ್ನಡಿಯ ಮೇಲೆ ಹಳದಿ ಬೆಳಕು ಮಿನುಗಿತು, ಆರಿತು, ಮತ್ತೆ ಮಿನುಗಿತು. ಕೆಳಗಿನಿಂದ ಸದ್ದೇ ಇಲ್ಲ. ಒಂದು ನಿಮಿಷವಾಯಿತು.

ಕೊನೆಗೆ ಯಜಮಾನರು ಎಡಗಡೆಯಿಂದ ಬಾನೆಟ್ಟಿನ ಮುಂದೆ ಬಂದು ನಿಂತರು. "ಕಾಣಿಸುತ್ತೆ," ಎಂದರು. "ಚೆನ್ನಾಗಿ ಕಾಣಿಸುತ್ತೆ."

ಡ್ರೈವರ್ ಎಂಜಿನ್ ಆರಿಸಿ ಇಳಿದು ಬಂದ. ಕೈ ಮುಗಿದ.

"ಬಲಗಡೇದು ನೀವೇ ಹಾಕ್ಕೊಂಡ್ಬಿಡಿ. ನನಗೆ ಇದೊಂದೇ ಸಾಕಿತ್ತು. ನಾಳೆ ಹೊರಡಿ."

ಪಂಕ್ಚರ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದ. "ಅಂತೂ ಗೆದ್ದುಬಿಟ್ರಿ ಯಜಮಾನ್ರೇ! ಈ ಲಾರಿ ತಗೊಂಡು ಎಷ್ಟು ವರ್ಷ ಆಯ್ತು?"

"ಲಾರಿ ನಂದಲ್ಲಪ್ಪ," ಎಂದರು ಅವರು. "ಹೋದ ತಿಂಗಳು ಇದು ತಿರುಗುವಾಗ ಎಡಗಡೆ ಬಂದ ಸ್ಕೂಟರ್ ನನ್ನ ಮಗಳದು."