ಕಾಲುವೆ ಗೇಟಿನ ತೂಕ

ಕಾಲುವೆ ಸೀಮೆ ದಾಟುವ ಗೇಟಿನಲ್ಲಿ ನಮ್ಮ ಕ್ಯಾರವಾನ್ ನಿಲ್ಲಿಸಿ, ಎಂದಿನಂತೆ ಎಲ್ಲರನ್ನೂ ತೂಕಕ್ಕೆ ಹತ್ತಿಸಿದರು. ಹೊರಗೆ ಹೋಗುವಾಗಲೂ ಒಳಗೆ ಬಂದಾಗಿನಷ್ಟೇ ತೂಕ ಇರಬೇಕು. ಇಲ್ಲಿನ ನೀರು ಯಾರ ಹೊಟ್ಟೆಯಲ್ಲೂ ಹೊರಗೆ ಹೋಗಬಾರದು. ನನ್ನ ಮಗಳು ಇಂಚರ ಮುನ್ನೂರು ಗ್ರಾಂ ಹೆಚ್ಚು ಬಂದಳು. ಭತ್ತದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ಅವಳಿಗೆ ಬೆಲ್ಲ, ನೀರು ಕೊಟ್ಟಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

"ಕೂಸನ್ನ ಬಿಸಿಲಾಗ ಕೂಡಿಸ್ರಿ, ಬೆವತು ಇಳೀತಾಳ," ಅಂದ ಗೇಟಿನವನು, ಮುಖ ಎತ್ತದೆ.

ಆಗ ನಮ್ಮತ್ತೆ ಶಂಕ್ರಮ್ಮ ತೂಕದ ಮಷೀನು ಹತ್ತಿದರು. ಅರ್ಧ ಕೆಜಿ ಕಡಿಮೆ. ಮುಳುಗಿದ ತವರೂರು ಕಂಡೀತೇನೋ ಎಂದು ಬೆಳಗ್ಗೆಯಿಂದ ಅಣೆಕಟ್ಟಿನ ದಂಡೆಯ ಬಿಸಿಲಲ್ಲಿ ಅಳುತ್ತಾ ನಿಂತಿದ್ದರು.

ಖಾಲಿ ಚೊಂಬನ್ನು ಅವನ ಮುಂದೆ ಹಿಡಿದರು.

"ನನ್ನ ಅರ್ಧ ಕೆಜಿ ನಿಮ್ಮ ನೆಲಕ್ಕ ಬಿದ್ದದ, ತಮ್ಮಾ. ಮೊದಲು ಅದನ್ನ ತುಂಬಿಸು. ಅಲ್ಲೀತನಕ ನನ್ನ ಮೊಮ್ಮಗಳು ನೆರಳಾಗ ಕೂಡ್ತಾಳ."