ಎರಡು ಕ್ಲಿಕ್ ಬಿಗಿ

ಅವನು ಹಳೆಯ ಅಂಬಾಸಿಡರ್‌ಗೆ ಜಾಕ್ ಕೊಟ್ಟು ಎತ್ತಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದ. ಅದು ಅಲುಗಲಿಲ್ಲ. ಬ್ರೇಕ್ ಮತ್ತೆ ಹಿಡಿದುಕೊಂಡಿತ್ತು. ಸ್ಪ್ರಿಂಗು, ಸಿಲಿಂಡರು, ಹೋಸು ಎಲ್ಲ ಹೊಸದು ಹಾಕಿದ್ದು ಮೊನ್ನೆಯಷ್ಟೇ.

"ಟಾರ್ಚು ಇನ್ನೂ ಹತ್ತಿರ ಹಿಡಿಯೇ," ಎಂದು ಹೆಂಡತಿಗೆ ಗದರಿ, ಡ್ರಮ್ಮಿನ ಹಿಂದೆ ಬೆರಳಾಡಿಸಿದ. "ಬ್ರೇಕಿನ ಅಡ್ಜಸ್ಟರ್ ಯಾರೋ ಎರಡು ಕ್ಲಿಕ್ ಬಿಗಿ ಮಾಡಿದ್ದಾರೆ."

"ನಾನೇ."

"ನಿಂಗ್ಯಾರು ಹೇಳ್ಕೊಟ್ರು?"

"ಮೂವತ್ತು ವರ್ಷದಿಂದ ಪಕ್ಕದಲ್ಲಿ ಟಾರ್ಚು ಹಿಡ್ಕೊಂಡು ಕೂತಿದ್ದೀನಲ್ಲ."

"ಗಾಡಿ ಹಾಳ್ಮಾಡೋಕಾ?"

"ನೀವು ಓಡಿಸ್ಬಾರ್ದು ಅಂತ."

ಅವನು ಸ್ಪ್ಯಾನರ್ ಕೆಳಗಿಟ್ಟ. "ಯಾಕೆ?"

"ಹೋದ ತಿಂಗ್ಳು ನಮ್ಮ ಗೇಟಿನ ಹತ್ರ ಯಾವ್ದೋ ಕರು ಅಡ್ಡ ಬಂತು, ಸ್ವಲ್ಪದ್ರಲ್ಲಿ ತಪ್ತು ಅಂದ್ರಲ್ಲ." ಅವಳು ಟಾರ್ಚನ್ನು ತನ್ನ ಮುಖದತ್ತ ತಿರುಗಿಸಿದಳು. "ಅದು ಕರು ಅಲ್ಲ, ನಾನು."